ಸಣ್ಣ ಕಾರಿನ ಇಂಧನ ಶೋಧಕ: ರೈತರು ಅನುಸರಿಸಬೇಕಾದ ನಿರ್ವಹಣಾ ಕ್ರಮಗಳು

ಮಾಗಡಿ, ತಾವರೆಕೆರೆ, ಬಿಡದಿ, ರಾಮನಗರಗಳ ಕಡೆಯಲ್ಲಿ ಇಂದು ಅನೇಕ ರೈತ ಕುಟುಂಬಗಳ ಮನೆಯಂಗಳದಲ್ಲಿ ಟ್ರ್ಯಾಕ್ಟರ್ ಅಥವಾ ಪವರ್ ಟಿಲ್ಲರ್ ಪಕ್ಕದಲ್ಲಿ ಒಂದು ಸಣ್ಣ ಕಾರೂ ನಿಂತಿರುತ್ತದೆ. ಆಸ್ಪತ್ರೆಗೆ, ಮಕ್ಕಳ ಕಾಲೇಜಿಗೆ, ಬ್ಯಾಂಕಿಗೆ, ಮದುವೆ ಮುಂಜಿಗಳಿಗೆ ಅದೇ ಆಧಾರ. 2021ರ ಆಗಸ್ಟ್ ತಿಂಗಳಲ್ಲಿ ಮೆಟ್ರೊ ರೈಲು ಕೆಂಗೇರಿಯವರೆಗೆ ಬಂದ ಮೇಲೆ, ಊರಿನಿಂದ ಕೆಂಗೇರಿ ಉಪನಗರದವರೆಗೆ ಕಾರಿನಲ್ಲಿ ಬಂದು ಅಲ್ಲಿಂದ ರೈಲು ಹತ್ತುವವರೂ ಇದ್ದಾರೆ. ಇಂಥ ಕಾರುಗಳಲ್ಲಿ ಬಹಳಷ್ಟು ಎರಡನೆಯ ಕೈಯಿಂದ ಕೊಂಡವು. ವಾರದಲ್ಲಿ ಎರಡು ದಿನ ಓಡಿ ಐದು ದಿನ ಕೊಟ್ಟಿಗೆಯ ಪಕ್ಕದಲ್ಲಿ ನಿಲ್ಲುವಂಥವು.

ಟ್ರ್ಯಾಕ್ಟರಿನ ಡೀಸೆಲ್ ಫಿಲ್ಟರ್ ಬಗ್ಗೆ ರೈತರಿಗೆ ಸಾಕಷ್ಟು ತಿಳಿವಳಿಕೆ ಇದೆ. ಆದರೆ ಕಾರಿನ ಇಂಧನ ಶೋಧಕ ಎಲ್ಲಿದೆ ಎಂಬುದೇ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಗ್ಯಾರೇಜಿನವರು ಫ್ಯೂಯೆಲ್ ಫಿಲ್ಟರ್ ಎಂದು ಕರೆಯುವ ಈ ಚಿಕ್ಕ ಭಾಗವನ್ನು ಅಲಕ್ಷಿಸಿದರೆ ದುಬಾರಿಯಾದ ಪಂಪು ಮತ್ತು ಇಂಜೆಕ್ಟರ್‌ಗಳು ಕೆಡುತ್ತವೆ. ಅದಕ್ಕಿಂತ ಹೆಚ್ಚಾಗಿ, ವೇಗದ ಹೆದ್ದಾರಿಯ ನಡುವೆ ಕಾರು ನಿಂತು ಪ್ರಾಣಕ್ಕೇ ಅಪಾಯ ಒದಗಬಹುದು.

ಬೇಸಾಯಶಾಸ್ತ್ರದವರಿಗೆ ಕಾರಿನ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಹನಿ ನೀರಾವರಿಯ ಶೋಧಕವನ್ನು ಬಲ್ಲ ರೈತರಿಗೆ ಕಾರಿನ ಶೋಧಕ ಹೊಸ ವಿಷಯವೇನಲ್ಲ. ಎರಡನೆಯದಾಗಿ, ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ರೈತರೇ ಬೆಳೆದ ಕಬ್ಬು ಮತ್ತು ಮುಸುಕಿನ ಜೋಳದ ಅಂಶ ಸೇರಿದೆ. ಆ ಅಂಶಕ್ಕೂ ಶೋಧಕದ ಆರೋಗ್ಯಕ್ಕೂ ನೇರ ಸಂಬಂಧವಿದೆ.

ಶೋಧಕದ ಕೆಲಸ

ಹನಿ ನೀರಾವರಿಯಲ್ಲಿ ಕೊಳವೆಬಾವಿಯ ನೀರು ಜಾಲರಿ ಶೋಧಕದ ಮೂಲಕ ಹಾದು ಲ್ಯಾಟರಲ್ ಪೈಪುಗಳಿಗೆ ಹೋಗುತ್ತದೆ. ಶೋಧಕ ಇಲ್ಲದಿದ್ದರೆ ಮರಳು, ಪಾಚಿ ಹೋಗಿ ಡ್ರಿಪ್ಪರಿನ ಸಣ್ಣ ಕಂಡಿ ಕಟ್ಟಿಕೊಳ್ಳುತ್ತದೆ. ಕಾರಿನಲ್ಲಿ ಟ್ಯಾಂಕೇ ಬಾವಿ, ಇಂಧನದ ಪಂಪೇ ಮೋಟಾರು, ಇಂಜೆಕ್ಟರೇ ಡ್ರಿಪ್ಪರು. ಇವುಗಳ ನಡುವೆ ಕುಳಿತು ಕಸ ಹಿಡಿಯುವುದೇ ಇಂಧನ ಶೋಧಕ.

ವ್ಯತ್ಯಾಸ ಇರುವುದು ಸೂಕ್ಷ್ಮತೆಯಲ್ಲಿ. ಹನಿ ನೀರಾವರಿಗೆ ಬಳಸುವ 120 ಮೆಷ್ ಜಾಲರಿಯ ಕಂಡಿ ಸುಮಾರು 130 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 50ರಿಂದ 80 ಮೈಕ್ರಾನ್. ಪೆಟ್ರೋಲ್ ಕಾರಿನ ಶೋಧಕದ ಕಾಗದ ಸುಮಾರು 10 ಮೈಕ್ರಾನ್ ಗಾತ್ರದ ಕಣಗಳನ್ನು ಹಿಡಿಯುತ್ತದೆ. ಇತ್ತೀಚಿನ ಡೀಸೆಲ್ ಕಾರುಗಳ ಶೋಧಕ ಇದಕ್ಕಿಂತಲೂ ಸೂಕ್ಷ್ಮ, 2ರಿಂದ 5 ಮೈಕ್ರಾನ್. ಅಂದರೆ ಕಣ್ಣಿಗೆ ಕಾಣದ ಧೂಳೂ ಇಲ್ಲಿ ಕಸವೇ. ಬಟ್ಟೆಯಲ್ಲಿ ಸೋಸಿ ಹಾಕಿದ್ದೇವೆ, ಕಣ್ಣಿಗೆ ತಿಳಿಯಾಗಿ ಕಾಣುತ್ತದೆ ಎಂಬ ಧೈರ್ಯ ಸಾಲದು.

ಇಷ್ಟು ಸೂಕ್ಷ್ಮತೆ ಬೇಕಾದುದೇಕೆ? ಹಳೆಯ ಕಾರ್ಬ್ಯುರೇಟರ್ ಕಾರುಗಳಲ್ಲಿ ಪೆಟ್ರೋಲಿನ ಒತ್ತಡ ಬಹಳ ಕಡಿಮೆ ಇತ್ತು, ಕಂಡಿಗಳೂ ದೊಡ್ಡವು. ಇಂದಿನ ಸಾಮಾನ್ಯ ಪೆಟ್ರೋಲ್ ಇಂಜೆಕ್ಷನ್ ಕಾರುಗಳಲ್ಲಿ ಇಂಧನ ಸುಮಾರು 3ರಿಂದ 4 ಬಾರ್ ಒತ್ತಡದಲ್ಲಿ ಕೂದಲೆಳೆಯಂಥ ರಂಧ್ರಗಳಿಂದ ಸಿಂಪರಣೆಯಾಗುತ್ತದೆ. ಕಾಮನ್ ರೈಲ್ ಡೀಸೆಲ್ ಕಾರುಗಳಲ್ಲಿ ಈ ಒತ್ತಡ 1,600 ಬಾರ್ ಮತ್ತು ಅದಕ್ಕೂ ಮೇಲೆ ಹೋಗುತ್ತದೆ. ಅಂಥ ಒತ್ತಡದಲ್ಲಿ ಒಂದು ಧೂಳಿನ ಕಣವೂ ಉಕ್ಕನ್ನು ಸವೆಸಬಲ್ಲದು.

ಶೋಧಕ ಎಲ್ಲಿರುತ್ತದೆ?

ಇದು ಕಾರಿನ ವಯಸ್ಸು ಮತ್ತು ಇಂಧನವನ್ನು ಅವಲಂಬಿಸಿದೆ. ಮೂರು ವಿಧಗಳನ್ನು ನೆನಪಿಟ್ಟರೆ ಸಾಕು.

1. ಹೊರಗಿನ ಶೋಧಕ: ಹಳೆಯ ಪೆಟ್ರೋಲ್ ಕಾರುಗಳಲ್ಲಿ ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ನಳಿಕೆಯ ನಡುವೆ, ಬಾನೆಟ್ ಒಳಗೆ ಅಥವಾ ಕಾರಿನ ಅಡಿಯಲ್ಲಿ ಡಬ್ಬಿಯ ಆಕಾರದ ಶೋಧಕ ಇರುತ್ತದೆ. ಇದನ್ನು ಸುಲಭವಾಗಿ ಬದಲಾಯಿಸಬಹುದು. ಇದರ ಮೇಲೆ ಇಂಧನ ಹರಿಯುವ ದಿಕ್ಕನ್ನು ತೋರಿಸುವ ಬಾಣದ ಗುರುತಿರುತ್ತದೆ. ಬಾಣ ಎಂಜಿನ್ನಿನ ಕಡೆಗೇ ಇರಬೇಕು.

2. ಟ್ಯಾಂಕಿನೊಳಗಿನ ಶೋಧಕ: ಈಚಿನ ಬಹುಪಾಲು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಪಂಪು, ಒತ್ತಡ ನಿಯಂತ್ರಕ, ತೇಲುವ ಮಾಪಕ ಮತ್ತು ಶೋಧಕ ಎಲ್ಲವನ್ನೂ ಒಂದೇ ಜೋಡಣೆಯಾಗಿ ಟ್ಯಾಂಕಿನೊಳಗೆ ಇಳಿಸಿರುತ್ತಾರೆ. ಕೆಲವು ಕಾರುಗಳಲ್ಲಿ ಹಿಂದಿನ ಸೀಟು ಎತ್ತಿದರೆ ಇದರ ಮುಚ್ಚಳ ಸಿಗುತ್ತದೆ. ಕೆಲವದರಲ್ಲಿ ಟ್ಯಾಂಕನ್ನೇ ಇಳಿಸಬೇಕು. ಇಂಥ ಕಾರುಗಳ ನಿರ್ವಹಣಾ ಪುಸ್ತಕದಲ್ಲಿ ಶೋಧಕ ಬದಲಿಸುವ ಅವಧಿಯನ್ನು ಹೇಳದೆಯೂ ಇರಬಹುದು. ಅದಕ್ಕೆ ಆರೈಕೆ ಬೇಡ ಎಂದು ಇದರ ಅರ್ಥವಲ್ಲ. ಟ್ಯಾಂಕಿಗೆ ಶುದ್ಧ ಇಂಧನ ಬಿದ್ದರೆ ಮಾತ್ರ ಅದು ಬಹುಕಾಲ ಬಾಳುತ್ತದೆ ಎಂದು ಅರ್ಥ.

3. ಡೀಸೆಲ್ ಶೋಧಕ: ಇದು ಸಾಮಾನ್ಯವಾಗಿ ಬಾನೆಟ್ ಒಳಗೇ ಇರುತ್ತದೆ. ಇದರ ಕೆಳಭಾಗದಲ್ಲಿ ನೀರು ತಂಗುವ ಬಟ್ಟಲು ಮತ್ತು ಅದನ್ನು ಹೊರಬಿಡುವ ತಿರುಪು ಇರುತ್ತವೆ. ಬಹುತೇಕ ಈಚಿನ ಕಾರುಗಳಲ್ಲಿ ನೀರು ತುಂಬಿದರೆ ಚಾಲಕರ ಮುಂದೆ ಎಚ್ಚರಿಕೆಯ ದೀಪ ಹತ್ತುತ್ತದೆ. ಮಾರುತಿ ಸುಜುಕಿ ಸಂಸ್ಥೆ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನು ನಿಲ್ಲಿಸಿತಾದರೂ, ಅದಕ್ಕೆ ಮೊದಲು ಮಾರಾಟವಾದ ಸಣ್ಣ ಡೀಸೆಲ್ ಕಾರುಗಳು ಹಳ್ಳಿಗಳಲ್ಲಿ ಇನ್ನೂ ಓಡಾಡುತ್ತಿವೆ.

ಪೆಟ್ರೋಲಿನಲ್ಲಿ ಕಬ್ಬು ಮತ್ತು ಜೋಳ

ನಮ್ಮ ದೇಶದಲ್ಲಿ ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯಕ್ರಮ 2003ರಲ್ಲಿ ಶೇಕಡಾ 5ರ ಪ್ರಮಾಣದಿಂದ ಕೆಲವು ರಾಜ್ಯಗಳಲ್ಲಿ ಆರಂಭವಾಯಿತು. 2022ರ ಜೂನ್ ವೇಳೆಗೆ ಶೇಕಡಾ 10ರ ಗುರಿ ಮುಟ್ಟಲಾಯಿತು. ಶೇಕಡಾ 20 ಎಥನಾಲ್ ಇರುವ ಇ-20 ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಮಂತ್ರಿಯವರು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ, ಭಾರತ ಇಂಧನ ಸಪ್ತಾಹದ ಸಂದರ್ಭದಲ್ಲಿ ಚಾಲನೆ ನೀಡಿದರು. 2025ರಿಂದ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ದೊರೆಯುತ್ತಿರುವುದು ಇದೇ.

ಎಥನಾಲನ್ನು ಕಬ್ಬಿನ ರಸ, ಕಾಕಂಬಿ, ಮುಸುಕಿನ ಜೋಳ, ಅಕ್ಕಿ ಮೊದಲಾದುವುಗಳಿಂದ ತಯಾರಿಸುತ್ತಾರೆ. ಒಂದು ಟನ್ ಕಬ್ಬಿನ ರಸದಿಂದ ಸುಮಾರು 70 ಲೀಟರ್, ಒಂದು ಟನ್ ಮುಸುಕಿನ ಜೋಳದಿಂದ ಸುಮಾರು 380 ಲೀಟರ್ ಎಥನಾಲ್ ದೊರೆಯುತ್ತದೆ ಎಂಬ ಲೆಕ್ಕವಿದೆ. 35 ಲೀಟರ್ ಹಿಡಿಯುವ ಟ್ಯಾಂಕನ್ನು ಇ-20 ಪೆಟ್ರೋಲಿನಿಂದ ತುಂಬಿಸಿದರೆ ಅದರಲ್ಲಿ 7 ಲೀಟರ್ ಎಥನಾಲ್ ಇರುತ್ತದೆ. ಅಂದರೆ ಸುಮಾರು 100 ಕಿಲೋ ಕಬ್ಬು, ಅಥವಾ ಹದಿನೆಂಟೂವರೆ ಕಿಲೋ ಮುಸುಕಿನ ಜೋಳ. ಮಂಡ್ಯ, ಬೆಳಗಾವಿಗಳ ಕಬ್ಬಿಗೂ ದಾವಣಗೆರೆ, ಹಾವೇರಿಗಳ ಜೋಳಕ್ಕೂ ಇದರಿಂದ ಹೊಸ ಬೇಡಿಕೆ ಬಂದಿದೆ. ಆದುದರಿಂದ ಎಥನಾಲನ್ನು ದೂರುವ ಬದಲು ಅದರ ಗುಣವನ್ನು ಅರಿತು ನಡೆಯುವುದು ರೈತರಿಗೆ ಹಿತ.

ಆ ಗುಣಗಳು ಎರಡು. ಒಂದು, ಎಥನಾಲ್ ನೀರನ್ನು ಪ್ರೀತಿಸುತ್ತದೆ. ಬರೀ ಪೆಟ್ರೋಲಿಗೆ ಬಿದ್ದ ನೀರು ಬೆರೆಯದೆ ತಳಕ್ಕೆ ಇಳಿದು ಕೂರುತ್ತದೆ. ಎಥನಾಲ್ ಇದ್ದರೆ ಸ್ವಲ್ಪ ನೀರು ಅದರಲ್ಲೇ ಕರಗಿ ಎಂಜಿನ್ನಿನಲ್ಲಿ ಆವಿಯಾಗಿ ಹೋಗುತ್ತದೆ, ಇದು ಒಳ್ಳೆಯದೇ. ಆದರೆ ಇದಕ್ಕೊಂದು ಮಿತಿ ಇದೆ. ಶೇಕಡಾ 10 ಎಥನಾಲ್ ಇರುವ ಪೆಟ್ರೋಲು 15 ಡಿಗ್ರಿ ಉಷ್ಣತೆಯಲ್ಲಿ ಸುಮಾರು ಶೇಕಡಾ ಅರ್ಧದಷ್ಟು ನೀರನ್ನು ಮಾತ್ರ ಹಿಡಿದುಕೊಳ್ಳಬಲ್ಲದು. 35 ಲೀಟರಿಗೆ ಇದು 175 ಮಿಲಿಲೀಟರ್, ಅಂದರೆ ಒಂದು ಲೋಟ. ಇ-20ರಲ್ಲಿ ಈ ಮಿತಿ ಇನ್ನಷ್ಟು ಹೆಚ್ಚು. ಮಿತಿ ಮೀರಿದ ಕೂಡಲೇ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಪಂಪಿನ ಬಾಯಿ ಇರುವುದೂ ತಳದಲ್ಲೇ. ಆಗ ಪಂಪು ಎಳೆಯುವುದು ಪೆಟ್ರೋಲನ್ನಲ್ಲ, ಈ ಮಿಶ್ರಣವನ್ನು. ಅದು ಲೋಹದ ಭಾಗಗಳಿಗೆ ತುಕ್ಕು ಹಿಡಿಸುತ್ತದೆ.

ಎರಡು, ಎಥನಾಲ್ ಒಳ್ಳೆಯ ದ್ರಾವಕ. ಹಲವು ವರ್ಷಗಳಿಂದ ಟ್ಯಾಂಕು, ನಳಿಕೆಗಳ ಒಳಮೈಗೆ ಅಂಟಿಕೊಂಡಿದ್ದ ಜಿಡ್ಡು, ಅಂಟು, ತುಕ್ಕನ್ನು ಅದು ಸಡಿಲಿಸುತ್ತದೆ. ಸಡಿಲವಾದುದೆಲ್ಲ ಶೋಧಕಕ್ಕೆ ಬಂದು ನಿಲ್ಲುತ್ತದೆ. ಆದುದರಿಂದ ಹಳೆಯ ಕಾರು, ವಿಶೇಷವಾಗಿ ತಗಡಿನ ಟ್ಯಾಂಕಿನ ಕಾರು, ಹೊಸ ಪೆಟ್ರೋಲಿಗೆ ಹೊಂದಿಕೊಳ್ಳುವ ಮೊದಲ ಕೆಲವು ತಿಂಗಳಲ್ಲಿ ಶೋಧಕ ಬೇಗ ಕಟ್ಟಿಕೊಳ್ಳುವ ಸಂಭವವಿದೆ.

2023ರ ಏಪ್ರಿಲ್‌ನಿಂದ ತಯಾರಾದ ಕಾರುಗಳ ಭಾಗಗಳು ಇ-20ಕ್ಕೆ ತಾಳಿಕೊಳ್ಳುವಂತೆ ಮಾಡಲ್ಪಟ್ಟಿವೆ. ಅದಕ್ಕೆ ಹಿಂದಿನ ಕಾರುಗಳಲ್ಲಿ ಕೆಲವದರ ರಬ್ಬರಿನ ಭಾಗಗಳು ಮತ್ತು ಗ್ಯಾಸ್ಕೆಟ್‌ಗಳನ್ನು ಬದಲಿಸಬೇಕಾಗಬಹುದು ಎಂದು ಪೆಟ್ರೋಲಿಯಂ ಮಂತ್ರಾಲಯವೂ 2025ರಲ್ಲಿ ತಿಳಿಸಿದೆ. ಎಥನಾಲಿನ ಶಾಖಶಕ್ತಿ ಪೆಟ್ರೋಲಿಗಿಂತ ಲೀಟರಿಗೆ ಸುಮಾರು ಮೂರನೆಯ ಒಂದು ಭಾಗ ಕಡಿಮೆ ಇರುವುದರಿಂದ ಮೈಲೇಜು ಸ್ವಲ್ಪ ಇಳಿಯುವುದು ಸಹಜ. ಶೇಕಡಾ 10ರ ಮಿಶ್ರಣಕ್ಕೆ ಹೊಂದಿಸಿದ ಹಳೆಯ ಕಾರುಗಳಲ್ಲಿ ಈ ಇಳಿತ ಶೇಕಡಾ 6ರಿಂದ 7ರಷ್ಟಿರಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು. ಆದುದರಿಂದ ಮೈಲೇಜು ತುಸು ಇಳಿದ ಮಾತ್ರಕ್ಕೆ ಶೋಧಕ ಕೆಟ್ಟಿದೆ ಎಂದು ತೀರ್ಮಾನಿಸಬಾರದು.

ಡೀಸೆಲ್ ಮತ್ತು ನೀರು

ಡೀಸೆಲಿನಲ್ಲಿ ನೀರು ಬಹುಮಟ್ಟಿಗೆ ಕರಗುವುದಿಲ್ಲ; ತಳಕ್ಕೆ ಇಳಿಯುತ್ತದೆ. ನೀರು ಮತ್ತು ಡೀಸೆಲ್ ಸೇರುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆಯಂಥ ಕಪ್ಪು ಪದಾರ್ಥ ಉಂಟಾಗುತ್ತದೆ. ಕೃಷಿಹೊಂಡದ ಪಾಚಿ ಡ್ರಿಪ್ ಶೋಧಕವನ್ನು ಕಟ್ಟುವಂತೆ ಈ ಲೋಳೆ ಡೀಸೆಲ್ ಶೋಧಕವನ್ನು ಕಟ್ಟುತ್ತದೆ.

ನೀರಿನ ಉಪದ್ರವ ಎಷ್ಟರ ಮಟ್ಟಿಗೆ ಹೋಗಬಹುದು ಎಂಬುದಕ್ಕೆ ಒಂದು ಉದಾಹರಣೆ ಸಾಕು. 2025ರ ಜೂನ್ ತಿಂಗಳಲ್ಲಿ ಮಧ್ಯಪ್ರದೇಶದ ರತ್ಲಾಮಿನ ಬಳಿ ಅಲ್ಲಿನ ಮುಖ್ಯಮಂತ್ರಿಯವರ ಬೆಂಗಾವಲಿನ 19 ವಾಹನಗಳು ಡೀಸೆಲ್ ತುಂಬಿಸಿಕೊಂಡ ಸ್ವಲ್ಪ ಹೊತ್ತಿನಲ್ಲೇ ಒಂದರ ಹಿಂದೆ ಒಂದು ನಿಂತುಹೋದವು. ಟ್ಯಾಂಕುಗಳನ್ನು ಬರಿದು ಮಾಡಿ ನೋಡಿದಾಗ ಡೀಸೆಲಿನಲ್ಲಿ ನೀರು ಬೆರೆತಿದ್ದುದು ಕಂಡುಬಂದಿತು. ಆಗ ಮಳೆಗಾಲ. ಇಷ್ಟೊಂದು ನೀರನ್ನು ಯಾವ ಶೋಧಕವೂ ತಡೆಯಲಾರದು.

ಕೆಟ್ಟಿರುವ ಲಕ್ಷಣಗಳು

ಶೋಧಕ ಒಂದೇ ದಿನದಲ್ಲಿ ಕಟ್ಟಿಕೊಳ್ಳುವುದು ಅಪರೂಪ. ಅದು ಮೊದಲೇ ಸೂಚನೆ ಕೊಡುತ್ತದೆ. ಕೆಳಕಂಡ ಲಕ್ಷಣಗಳನ್ನು ಗಮನಿಸಬೇಕು.

1. ಬೆಳಿಗ್ಗೆ ಎಂಜಿನ್ ಹಿಡಿಯಲು ಹಿಂದಿಗಿಂತ ಹೆಚ್ಚು ಹೊತ್ತು ಬೇಕಾಗುವುದು.

2. ಏರಿನಲ್ಲಿ ಅಥವಾ ಭಾರ ತುಂಬಿದಾಗ ಎಂಜಿನ್ ಸೋಲುವುದು.

3. ನಿಧಾನವಾಗಿ ಹೋಗುವಾಗ ಸರಿಯಾಗಿದ್ದು, ವೇಗ ಹೆಚ್ಚಿಸಿದಾಗ ಕಾರು ಎಳೆದು ಬಿಟ್ಟಂತೆ ಜಗ್ಗುವುದು.

4. ಸ್ವಲ್ಪ ದೂರ ಓಡಿ ನಿಂತು, ಕೆಲವು ನಿಮಿಷ ಬಿಟ್ಟು ಮತ್ತೆ ಹಿಡಿಯುವುದು.

5. ಹಿಂದಿನ ಸೀಟಿನ ಕೆಳಗಿನಿಂದ ಪಂಪಿನ ಗೊರಗೊರ ಶಬ್ದ ಜೋರಾಗಿ ಕೇಳುವುದು.

6. ಡೀಸೆಲ್ ಕಾರಿನಲ್ಲಿ ನೀರಿನ ಎಚ್ಚರಿಕೆಯ ದೀಪ ಹತ್ತುವುದು.

ಇವುಗಳಲ್ಲಿ ಮೂರನೆಯದನ್ನು ವಿಶೇಷವಾಗಿ ಗಮನಿಸಬೇಕು. ಕೆಂಗೇರಿ ಉಪನಗರದ ಒಳರಸ್ತೆಗಳಲ್ಲಿ 30 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಎಂಜಿನ್ನಿಗೆ ಬೇಕಾಗುವ ಇಂಧನ ಅಲ್ಪ. ಅರ್ಧ ಕಟ್ಟಿಕೊಂಡ ಶೋಧಕವೂ ಅಷ್ಟನ್ನು ಬಿಡುತ್ತದೆ. ದೋಷ ಗೊತ್ತಾಗುವುದು ಊರು ದಾಟಿ ಬಿಡದಿಯ ಕಡೆಗೆ 80ರ ವೇಗ ಹಿಡಿದಾಗ. ಹೊಲದಲ್ಲಿ ಒಂದು ಸಾಲಿಗೆ ಮಾತ್ರ ನೀರು ಬಿಟ್ಟಾಗ ಡ್ರಿಪ್ ಚೆನ್ನಾಗಿ ನಡೆದು, ಎಲ್ಲ ವಾಲ್ವ್ ತೆರೆದಾಗ ಕೊನೆಯ ಸಾಲಿಗೆ ನೀರು ತಲುಪದಿರುವುದೂ ಇದೇ ಕಾರಣದಿಂದ.

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ವಾಹನಗಳು ಅತಿ ವೇಗವಾಗಿ ಓಡುತ್ತವೆ. ಅಲ್ಲಿಗೆ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳ ಪ್ರವೇಶವನ್ನು 2023ರ ಆಗಸ್ಟ್ 1ರಿಂದ ನಿಷೇಧಿಸಿರುವುದೂ ಈ ಕಾರಣಕ್ಕೇ. ಅಂಥ ಕಡೆ ಕಾರು ಜಗ್ಗತೊಡಗಿದರೆ ಮುಂದಿನ ಊರಿನವರೆಗೆ ಹೇಗೋ ಹೋಗೋಣ ಎನ್ನಕೂಡದು. ನಾಲ್ಕೂ ಕಡೆಯ ಸೂಚನಾ ದೀಪ ಹಾಕಿ, ಎಡಕ್ಕೆ ತಂದು ನಿಲ್ಲಿಸಿ, ಎಲ್ಲರೂ ಎಡಬದಿಯಿಂದ ಇಳಿದು ತಡೆಗೋಡೆಯ ಆಚೆ ನಿಲ್ಲಬೇಕು. ತ್ರಿಕೋನದ ಎಚ್ಚರಿಕೆ ಫಲಕವನ್ನು ಕಾರಿನ ಹಿಂದೆ ಸಾಕಷ್ಟು ದೂರದಲ್ಲಿಡಬೇಕು. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿಯ ಸಂಖ್ಯೆ 1033.

ಮೇಲಿನ ಲಕ್ಷಣಗಳು ಬ್ಯಾಟರಿ, ಸ್ಪಾರ್ಕ್ ಪ್ಲಗ್, ಗಾಳಿಯ ಶೋಧಕ ಅಥವಾ ಪಂಪಿನ ದೋಷದಿಂದಲೂ ಬರಬಹುದು. ಆದುದರಿಂದ ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುತ್ತ ಹಣ ಕಳೆಯಬಾರದು. ಇಂಧನದ ಒತ್ತಡವನ್ನು ಮಾಪಕ ಹಾಕಿ ಅಳೆಯುವಂತೆ ಮೆಕ್ಯಾನಿಕ್‌ಗೆ ಹೇಳಬೇಕು. ಡ್ರಿಪ್ ಶೋಧಕದ ಹಿಂದೆ ಮುಂದೆ ಒತ್ತಡಮಾಪಕ ಇಟ್ಟು, ವ್ಯತ್ಯಾಸ ಹೆಚ್ಚಿದಾಗ ತೊಳೆಯುವ ರೈತರಿಗೆ ಈ ಮಾತಿನ ಬೆಲೆ ಗೊತ್ತಿದೆ.

ಬದಲಿಸುವಾಗ ವಹಿಸಬೇಕಾದ ಎಚ್ಚರಿಕೆ

ಡ್ರಿಪ್ಪಿನ ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಡ್ರಿಪ್ಪಿನ ಜಾಲರಿಯನ್ನು ಬ್ರಷ್ ಹಾಕಿ ತೊಳೆದು ಮತ್ತೆ ಬಳಸಬಹುದು. ಕಾರಿನ ಕಾಗದದ ಶೋಧಕವನ್ನು ತೊಳೆಯಕೂಡದು. ಹಿಂದಿನಿಂದ ಗಾಳಿ ಊದಿ ಶುದ್ಧ ಮಾಡಲೂ ಕೂಡದು. ಹಾಗೆ ಮಾಡಿದರೆ ಕಾಗದ ಹರಿದು, ಹಿಡಿದಿಟ್ಟ ಕಸವೆಲ್ಲ ಇಂಜೆಕ್ಟರಿಗೆ ಹೋಗುತ್ತದೆ. ಕಟ್ಟಿಕೊಂಡ ಶೋಧಕಕ್ಕೆ ಹೊಸದೇ ಪರಿಹಾರ.

ಹೊರಗಿನ ಪೆಟ್ರೋಲ್ ಶೋಧಕ ಮತ್ತು ಡೀಸೆಲ್ ಶೋಧಕಗಳನ್ನು ಬಹುಮಟ್ಟಿಗೆ 20 ಸಾವಿರದಿಂದ 40 ಸಾವಿರ ಕಿಲೋಮೀಟರ್ ನಡುವೆ ಬದಲಿಸುವುದು ವಾಡಿಕೆ. ನಿಖರವಾದ ಅವಧಿಗೆ ಕಾರಿನ ಜೊತೆ ಬಂದ ಪುಸ್ತಕವೇ ಪ್ರಮಾಣ. ಕಾರು ಕಡಿಮೆ ಓಡಿದ್ದರೂ ಪುಸ್ತಕದಲ್ಲಿ ಹೇಳಿದ ವರ್ಷಗಳು ಕಳೆದಿದ್ದರೆ ಬದಲಿಸಬೇಕು. ಎರಡನೆಯ ಕೈಯ ಕಾರು ಕೊಂಡಾಗ ಶೋಧಕ ಯಾವಾಗ ಬದಲಾಗಿದೆ ಎಂಬ ದಾಖಲೆ ಇಲ್ಲದಿದ್ದರೆ, ಹೊರಗಿನ ಶೋಧಕವಿರುವ ಕಾರಿನಲ್ಲಿ ಮೊದಲು ಅದನ್ನು ಹೊಸದು ಹಾಕಿಸಿ, ಅಂದಿನ ತಾರೀಖು ಮತ್ತು ಕಿಲೋಮೀಟರನ್ನು ಪುಸ್ತಕದಲ್ಲಿ ಬರೆದಿಡುವುದು ಉತ್ತಮ.

ಇಂಜೆಕ್ಷನ್ ಕಾರಿನಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ನಳಿಕೆಯಲ್ಲಿ ಒತ್ತಡ ಉಳಿದಿರುತ್ತದೆ. ಅದನ್ನು ಇಳಿಸದೆ ನಳಿಕೆ ಬಿಚ್ಚಿದರೆ ಪೆಟ್ರೋಲು ಚಿಮ್ಮಿ ಕಣ್ಣಿಗೆ ಬೀಳಬಹುದು, ಬಿಸಿ ಎಂಜಿನ್ನಿಗೆ ತಗುಲಿ ಬೆಂಕಿ ಹತ್ತಬಹುದು. ಆದುದರಿಂದ ಟ್ಯಾಂಕಿನೊಳಗಿನ ಶೋಧಕದ ಕೆಲಸವನ್ನೂ ಕಾಮನ್ ರೈಲ್ ಡೀಸೆಲ್ ಕಾರಿನ ಅಧಿಕ ಒತ್ತಡದ ನಳಿಕೆಗಳ ಕೆಲಸವನ್ನೂ ತರಬೇತಾದ ಮೆಕ್ಯಾನಿಕ್‌ಗೇ ಬಿಡಬೇಕು. ಟ್ರ್ಯಾಕ್ಟರಿನಲ್ಲಿ ಗಾಳಿ ತೆಗೆಯಲು ಇಂಜೆಕ್ಟರಿನ ನಟ್ಟು ಸಡಿಲಿಸುವ ಅಭ್ಯಾಸ ಕೆಲವರಿಗಿದೆ. ಕಾಮನ್ ರೈಲ್ ಕಾರಿನಲ್ಲಿ ಎಂಜಿನ್ ಓಡುವಾಗ ಹಾಗೆ ಮಾಡಿದರೆ, ಹೊರಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗಬಲ್ಲದು. ಇದು ಪ್ರಾಣಾಪಾಯ.

ಯಾರೇ ಕೆಲಸ ಮಾಡಲಿ, ಈ ನಿಯಮಗಳು ತಪ್ಪಬಾರದು: ಎಂಜಿನ್ ತಣ್ಣಗಿರಬೇಕು, ಬಯಲಿನಲ್ಲಿ ಅಥವಾ ಗಾಳಿಯಾಡುವ ಕಡೆ ಕೆಲಸ ನಡೆಯಬೇಕು, ಬ್ಯಾಟರಿಯ ಋಣ ತುದಿಯನ್ನು ಕಳಚಿರಬೇಕು, ಹತ್ತಿರದಲ್ಲಿ ಬೀಡಿ, ಸಿಗರೇಟು, ಒಲೆ ಇರಕೂಡದು, ಒಣ ಪುಡಿಯ ಅಗ್ನಿಶಾಮಕ ಕೈಗೆಟಕುವಂತಿರಬೇಕು. ಕೆಲಸ ಮುಗಿದ ಮೇಲೆ ಎಂಜಿನ್ ಓಡಿಸಿ ಎಲ್ಲಿಯೂ ತೊಟ್ಟಿಕ್ಕುತ್ತಿಲ್ಲವೆಂದು ನೋಡಬೇಕು.

ಡೀಸೆಲ್ ಶೋಧಕದ ನೀರನ್ನು ಮಾತ್ರ ಮಾಲೀಕರೇ ಹೊರಬಿಡಬಹುದು. ಎಂಜಿನ್ ನಿಲ್ಲಿಸಿ, ಅಡಿಯಲ್ಲಿ ಪಾತ್ರೆಯಿಟ್ಟು, ತಿರುಪನ್ನು ಸ್ವಲ್ಪ ಸಡಿಲಿಸಿ, ನೀರು ಹೋಗಿ ಶುದ್ಧ ಡೀಸೆಲ್ ಬಂದ ಕೂಡಲೇ ಬಿಗಿಯಬೇಕು. ಕೈಪಂಪು ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಿ ಗಾಳಿ ತೆಗೆಯಬೇಕು. ದೀಪ ಹತ್ತಿದ ಕೂಡಲೇ ಇದನ್ನು ಮಾಡಬೇಕೇ ಹೊರತು ಮುಂದಿನ ಸರ್ವಿಸ್‌ವರೆಗೆ ಕಾಯಬಾರದು.

ಮೂಲವನ್ನು ಸರಿಪಡಿಸಿ

ಈ ಲೇಖನದ ಮುಖ್ಯ ಮಾತು ಇದು. ಕೃಷಿಹೊಂಡದಲ್ಲಿ ಪಾಚಿ ತುಂಬಿರುವಾಗ ಡ್ರಿಪ್ ಶೋಧಕವನ್ನು ದಿನವೂ ತೊಳೆದರೆ ತೊಂದರೆ ತಪ್ಪುವುದಿಲ್ಲ. ಹಾಗೆಯೇ ಶೋಧಕ ಅವಧಿಗೆ ಮುಂಚೆ ಕಟ್ಟಿಕೊಂಡಿದ್ದರೆ ದೋಷ ಶೋಧಕದ್ದಲ್ಲ. ಟ್ಯಾಂಕಿನದು, ಅಥವಾ ಟ್ಯಾಂಕಿಗೆ ಬಿದ್ದ ಇಂಧನದ್ದು. ತೆಗೆದ ಹಳೆಯ ಶೋಧಕವನ್ನು ಬಿಸಾಡುವ ಮೊದಲು ಅದರಲ್ಲಿ ಉಳಿದ ಇಂಧನವನ್ನು ಒಳಬರುವ ಬಾಯಿಯಿಂದ ಬಿಳಿಯ ತಟ್ಟೆಗೆ ಸುರಿಸಿ ನೋಡಬೇಕು. ಕೆಂಪು ಪುಡಿ ಇದ್ದರೆ ತುಕ್ಕು. ಗುಂಡಗೆ ಜಾರುವ ಹನಿಗಳಿದ್ದರೆ ನೀರು. ಕಪ್ಪು ಲೋಳೆ ಇದ್ದರೆ ಡೀಸೆಲಿನ ಸೂಕ್ಷ್ಮಜೀವಿಗಳು. ಇವುಗಳಲ್ಲಿ ಯಾವುದು ಕಂಡರೂ ಟ್ಯಾಂಕನ್ನು ಬರಿದು ಮಾಡಿ ಶುಚಿಗೊಳಿಸಿದ ನಂತರವೇ ಹೊಸ ಶೋಧಕ ಹಾಕಿಸಬೇಕು. ಇಲ್ಲವಾದರೆ ಹೊಸದೂ ಬೇಗನೆ ಹಳೆಯದರ ಹಾದಿ ಹಿಡಿಯುತ್ತದೆ.

ನೀರು ಮತ್ತು ಕಸ ಟ್ಯಾಂಕಿಗೆ ಬಾರದಂತೆ ಕೆಳಕಂಡ ಕ್ರಮಗಳನ್ನು ಅನುಸರಿಸಬೇಕು.

1. ನೂರು, ಇನ್ನೂರು ರೂಪಾಯಿಯ ಪೆಟ್ರೋಲು ಹಾಕಿಸಿ ಟ್ಯಾಂಕು ಸದಾ ಬರಿದಾಗಿರುವಂತೆ ಮಾಡಬಾರದು. ಬರಿದಾದ ಜಾಗದಲ್ಲಿ ಗಾಳಿ ತುಂಬಿ, ಅದರ ತೇವ ರಾತ್ರಿಯ ತಂಪಿಗೆ ಹನಿಯಾಗುತ್ತದೆ. ಟ್ಯಾಂಕಿನೊಳಗಿನ ಪಂಪಿಗೆ ಪೆಟ್ರೋಲೇ ತಂಪು ಕೊಡುವುದು. ಕನಿಷ್ಠ ಕಾಲು ಟ್ಯಾಂಕು ಇರುವಂತೆ ನೋಡಿಕೊಳ್ಳಬೇಕು.

2. ಟ್ಯಾಂಕಿನ ಮುಚ್ಚಳದ ರಬ್ಬರ್ ಬಳೆಯನ್ನು ಮಳೆಗಾಲಕ್ಕೆ ಮುಂಚೆ ಪರೀಕ್ಷಿಸಬೇಕು. ಬಿರುಕಿದ್ದರೆ ಹೊಸದು ಹಾಕಿಸಬೇಕು. ಮುಚ್ಚಳ ಕಳೆದುಹೋದರೆ ಬಟ್ಟೆ ತುರುಕುವುದು ತೀರ ಅಪಾಯಕರ. ಬೆಂಗಳೂರು ಸುತ್ತಮುತ್ತ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲೂ ಜೋರು ಮಳೆ ಇರುತ್ತದೆಂಬುದನ್ನು ಮರೆಯಬಾರದು.

3. ಕಾರನ್ನು ಒಂದೆರಡು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲಿಸುವುದಿದ್ದರೆ ಸೂರಿನ ಕೆಳಗೆ ನಿಲ್ಲಿಸಿ, ಟ್ಯಾಂಕನ್ನು ಬಹುಪಾಲು ತುಂಬಿಸಿಡಬೇಕು. ಹದಿನೈದು ದಿನಕ್ಕೊಮ್ಮೆಯಾದರೂ ಹತ್ತಾರು ಕಿಲೋಮೀಟರ್ ಓಡಿಸಿದರೆ ಇಂಧನವೂ ಬ್ಯಾಟರಿಯೂ ಸರಿಯಾಗಿರುತ್ತವೆ.

4. ಟ್ರ್ಯಾಕ್ಟರಿಗೆಂದು ಪೀಪಾಯಿಯಲ್ಲಿಟ್ಟ ಡೀಸೆಲನ್ನು ಕಾಮನ್ ರೈಲ್ ಕಾರಿಗೆ ಹಾಕದಿರುವುದೇ ಲೇಸು. ಪೀಪಾಯಿಯನ್ನು ನೆಟ್ಟಗೆ ಬಯಲಿನಲ್ಲಿ ನಿಲ್ಲಿಸಿದರೆ ಮೇಲೆ ನಿಂತ ಮಳೆನೀರು ಬಿರಡೆಯ ಸಂದಿಯಿಂದ ಒಳಸೇರುತ್ತದೆ. ಅದನ್ನು ಸೂರಿನ ಕೆಳಗೆ ಸ್ವಲ್ಪ ಓರೆಯಾಗಿಟ್ಟು, ತಳದ ಡೀಸೆಲನ್ನು ಕೊನೆಯವರೆಗೆ ಬಗ್ಗಿಸದೆ ಬಿಡಬೇಕು.

5. ಬಂಕಿನಲ್ಲಿ ಪೆಟ್ರೋಲಿನ ಬಗ್ಗೆ ಸಂಶಯ ಬಂದರೆ ಶೋಧಕ ಕಾಗದದ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಬಹುದು. ಅದು ಗ್ರಾಹಕರ ಹಕ್ಕು. ಅದಕ್ಕೆ ಹಣ ಕೊಡಬೇಕಿಲ್ಲ. ಕಾಗದದ ಮೇಲೆ ಬಿಟ್ಟ ಪೆಟ್ರೋಲಿನ ಹನಿ ಎರಡು ನಿಮಿಷದಲ್ಲಿ ಕಲೆ ಉಳಿಸದೆ ಆರಬೇಕು. ಈ ಪರೀಕ್ಷೆ ಸೀಮೆಎಣ್ಣೆಯಂಥ ಕಲಬೆರಕೆಯನ್ನು ತೋರಿಸುತ್ತದೆಯೇ ಹೊರತು ನೀರನ್ನಲ್ಲ. ಬಂಕಿನ ನೆಲದ ಟ್ಯಾಂಕುಗಳ ಸುತ್ತ ಮಳೆನೀರು ನಿಂತಿದ್ದರೆ ಅಂದು ಬೇರೆ ಕಡೆ ಹಾಕಿಸುವುದು ಜಾಣತನ. ಪ್ರತಿ ಸಲವೂ ರಸೀದಿ ಪಡೆದು ಇಟ್ಟುಕೊಂಡರೆ ದೂರು ಕೊಡಲು ಆಧಾರವಿರುತ್ತದೆ.

6. ನಿಂತ ನೀರಿನಲ್ಲಿ ಮುಳುಗಿದ ಕಾರನ್ನು ಚಾಲೂ ಮಾಡಕೂಡದು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಮೈಸೂರು ಹೆದ್ದಾರಿಯೇ ಜಲಾವೃತವಾಗಿ ಅನೇಕ ವಾಹನಗಳು ನೀರಿನಲ್ಲಿ ಸಿಕ್ಕಿಕೊಂಡಿದ್ದವು. ಅಂಥ ಕಾರನ್ನು ಎಳೆಸಿಕೊಂಡು ಹೋಗಿ, ಟ್ಯಾಂಕು, ಶೋಧಕ ಮತ್ತು ಗಾಳಿಯ ದಾರಿಯಲ್ಲಿ ನೀರಿಲ್ಲವೆಂದು ನೋಡಿಸಿದ ಮೇಲೆಯೇ ಎಂಜಿನ್ ಹಿಡಿಸಬೇಕು.

ವಿಸ್ತರಣಾ ಕಾರ್ಯಕರ್ತರಿಗೆ ಒಂದು ಪ್ರಾತ್ಯಕ್ಷಿಕೆ

ಎಥನಾಲ್ ನೀರನ್ನು ಎಳೆದುಕೊಳ್ಳುವ ಬಗೆಯನ್ನು ರೈತರ ಸಭೆಯಲ್ಲಿ ಸುಲಭವಾಗಿ ತೋರಿಸಬಹುದು. 100 ಮಿಲಿಲೀಟರಿನ ಗಾಜಿನ ಅಳತೆಯ ಜಾಡಿಯಲ್ಲಿ 10 ಮಿಲಿಲೀಟರ್ ನೀರು ಹಾಕಿ, ಅದರ ಮೇಲೆ 90 ಮಿಲಿಲೀಟರ್ ಪೆಟ್ರೋಲು ಸುರಿಯಬೇಕು. ಬಾಯಿ ಮುಚ್ಚಿ, ಮೆಲ್ಲಗೆ ಕೆಲವು ಸಲ ತಲೆಕೆಳಗು ಮಾಡಿ, ಹತ್ತು ನಿಮಿಷ ಬಿಡಬೇಕು. ಬರೀ ಪೆಟ್ರೋಲಾಗಿದ್ದರೆ ತಳದ ನೀರಿನ ಪದರ 10 ಮಿಲಿಲೀಟರೇ ಉಳಿಯುತ್ತಿತ್ತು. ಇ-20 ಪೆಟ್ರೋಲಿನಲ್ಲಿರುವ ಸುಮಾರು 18 ಮಿಲಿಲೀಟರ್ ಎಥನಾಲ್ ನೀರಿನೊಡನೆ ಸೇರುವುದರಿಂದ ತಳದ ಪದರ ಸುಮಾರು 28 ಮಿಲಿಲೀಟರಿಗೆ ಏರುತ್ತದೆ. ಟ್ಯಾಂಕಿಗೆ ನೀರು ಹೋದರೆ ಆಗುವುದೂ ಇದೇ ಎಂಬುದು ರೈತರಿಗೆ ಕಣ್ಣಾರೆ ಮನದಟ್ಟಾಗುತ್ತದೆ. ಪ್ರಾತ್ಯಕ್ಷಿಕೆಯನ್ನು ಬಯಲಿನಲ್ಲಿ, ಬೆಂಕಿಯಿಂದ ದೂರ, ಮಕ್ಕಳನ್ನು ಸೇರಿಸದೆ ಮಾಡಬೇಕು. ಉಳಿದ ಮಿಶ್ರಣವನ್ನು ಚರಂಡಿಗಾಗಲಿ, ಹೊಲಕ್ಕಾಗಲಿ, ವಾಹನಕ್ಕಾಗಲಿ ಹಾಕದೆ ಗ್ಯಾರೇಜಿನ ತ್ಯಾಜ್ಯ ಎಣ್ಣೆಯ ಡಬ್ಬಕ್ಕೆ ಒಪ್ಪಿಸಬೇಕು.

ಸಾರಾಂಶ

ಇಂಧನ ಶೋಧಕದ ಬೆಲೆ ಪಂಪು, ಇಂಜೆಕ್ಟರುಗಳ ಬೆಲೆಯ ಮುಂದೆ ಅಲ್ಪ. ಪುಸ್ತಕ ಹೇಳಿದ ಕಾಲಕ್ಕೆ ಅದನ್ನು ಬದಲಿಸಬೇಕು. ಡೀಸೆಲ್ ಕಾರಿನಲ್ಲಿ ನೀರನ್ನು ತಪ್ಪದೆ ಹೊರಬಿಡಬೇಕು. ಟ್ಯಾಂಕಿಗೆ ನೀರು ಸೇರದಂತೆ ಕಾಯಬೇಕು. ಶೋಧಕ ಪದೇ ಪದೇ ಕಟ್ಟಿಕೊಂಡರೆ ಟ್ಯಾಂಕನ್ನು ಶುಚಿ ಮಾಡಿಸಬೇಕು. ವೇಗದಲ್ಲಿ ಕಾರು ಜಗ್ಗಿದ ಮೊದಲ ದಿನವೇ ಗ್ಯಾರೇಜಿಗೆ ಒಯ್ಯಬೇಕು. ನಡುರಾತ್ರಿ ಮನೆಯವರಿಗೆ ಹುಷಾರಿಲ್ಲದೆ ಹೊರಡಬೇಕಾದಾಗ ಕಾರು ಕೈಕೊಡಬಾರದೆಂದರೆ, ಬಿಡುವಿರುವ ದಿನಗಳಲ್ಲೇ ರೈತ ಬಾಂಧವರು ಇದರ ಕಡೆ ಗಮನ ಕೊಡುವುದು ಅವಶ್ಯಕ.